ಮೂರು ತುಂಬದ ಮಗುವಿಗೆ ಸೆಲ್ ರೈಲು: ಕಲಬುರಗಿಯ ಒಂದು ಮನೆಯ ಪ್ರಕರಣ

ಈ ಪ್ರಕರಣದಲ್ಲಿ ಕೊಳ್ಳಬೇಕಾದದ್ದು ಸೆಲ್ ಹಾಕಿ ಓಡಿಸುವ ಒಂದು ಆಟಿಕೆ ರೈಲು. ಆದರೆ ಮನೆಯಲ್ಲಿ ಮಕ್ಕಳು ಇಬ್ಬರು. ದೊಡ್ಡವನಿಗೆ ಎರಡು ವರ್ಷ ಹತ್ತು ತಿಂಗಳು. ಅವನ ಕಾಕಾನ ಹೆಣ್ಣು ಕೂಸಿಗೆ ಒಂಬತ್ತು ತಿಂಗಳು. ಅಂಬೆಗಾಲಿಟ್ಟು ಮನೆಯೆಲ್ಲ ಓಡಾಡುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಕಲಬುರಗಿಯ ಹಳೆ ಬಡಾವಣೆಯ ಕೂಡು ಕುಟುಂಬ. ನಡುಮನೆಗೆ ಶಹಾಬಾದ್ ಫರಸಿ, ಮೇಲೊಂದು ಹತ್ತಿಯ ಜಮಖಾನ. ಹುಡುಗನಿಗೆ ರೈಲಿನ ಹುಚ್ಚು ಹಿಡಿಸಿದ್ದು ಮುತ್ಯಾ, ಅಂದರೆ ಅಜ್ಜ. ಸಂಜೆ ಸ್ಟೇಷನ್ನಿಗೆ ಕರೆದೊಯ್ದು ಸೋಲಾಪುರದಿಂದ ವಾಡಿ ಕಡೆಗೆ ಹೋಗುವ ಗಾಡಿಗಳನ್ನು ತೋರಿಸುವುದು ಅವರ ರೂಢಿ. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಕೂಡಿತ್ತು, ಆಟಿಕೆ ಅಂಗಡಿಗಳ ಸಾಲು ಹತ್ತಿತ್ತು. ಮೇ ತಿಂಗಳಲ್ಲಿ ಹುಡುಗನಿಗೆ ಮೂರು ತುಂಬುವುದಿತ್ತು. ಖರ್ಚಿನ ಮಿತಿ ಎರಡು ಸಾವಿರ ರೂಪಾಯಿ.

ಪೆಟ್ಟಿಗೆಯ ಮೇಲೆ ಬರೆದಿರುವ ವಯಸ್ಸನ್ನು ಯಾರ ವಯಸ್ಸಿಗೆ ಹೋಲಿಸಬೇಕು ಎಂಬುದು ಮೊದಲ ತೀರ್ಮಾನ. ಮುತ್ಯಾನ ಮಾತು ಸಹಜವಾದದ್ದೇ: "ಇನ್ನ ಎರಡು ತಿಂಗಳಿಗಿ ಮೂರು ತುಂಬತಾವ, ಈಗ ತಂದಿಟ್ರ ಏನಾಗ್ತದ?" ಸೊಸೆಯ ಉತ್ತರ: "ಇಟ್ಟರೂ ತೆಗೀತಾನ್ರಿ ಮಾಮಾ, ಕೂಸು ಎಲ್ಲಾ ಬಾಯಾಗ ಹಾಕ್ಕೊಳ್ತದ್ರಿ." ಸೊಸೆಯ ಮಾತೇ ಇಡೀ ಆಯ್ಕೆಗೆ ಅಳತೆಗೋಲಾಯಿತು. ರೈಲನ್ನು ಆಡುವವನು ದೊಡ್ಡವನಾದರೂ ಅದು ಸುರಕ್ಷಿತವೇ ಎಂದು ನೋಡಬೇಕಾದದ್ದು ಮನೆಯಲ್ಲಿರುವ ಅತಿ ಚಿಕ್ಕ ಮಗುವನ್ನು ಮನಸ್ಸಿನಲ್ಲಿಟ್ಟು.

ಹುಡುಗ ರೈಲನ್ನು ಹೇಗೆ ಆಡುತ್ತಾನೆ ಎಂಬುದು ಎರಡನೆಯ ಪ್ರಶ್ನೆ. ಈ ವಯಸ್ಸಿನ ಮಗು ಸ್ವಿಚ್ ಒತ್ತಿ ದೂರ ಕೂತು ನೋಡುವುದಿಲ್ಲ. ಎಂಜಿನ್ನನ್ನು ಮೇಲಿನಿಂದ ಮುಷ್ಟಿಯಲ್ಲಿ ಹಿಡಿದು, ಬಾಯಲ್ಲಿ ಕೂ ಎನ್ನುತ್ತ ತಳ್ಳುತ್ತದೆ. ಮೋಟಾರು ಓಡುತ್ತಿರುವಾಗಲೂ ಹಿಂದಕ್ಕೆ ತಳ್ಳುತ್ತದೆ. ಹೆಚ್ಚಿನ ಸೆಲ್ ರೈಲುಗಳು ಕೆಡುವುದು ಇಲ್ಲೇ. ಮೋಟಾರಿನಿಂದ ಚಕ್ರಕ್ಕೆ ಶಕ್ತಿ ಹೋಗುವ ದಾರಿಯಲ್ಲಿ ವರ್ಮ್ ಗೇರ್ (ತಿರುಪಿನಂಥ ಸುರುಳಿ ಹಲ್ಲಿನ ಗೇರ್) ಇದ್ದರೆ ಚಕ್ರದ ಕಡೆಯಿಂದ ಮೋಟಾರನ್ನು ತಿರುಗಿಸಲು ಆಗುವುದಿಲ್ಲ. ತಳ್ಳಿದಾಗ ಚಕ್ರ ಉರುಳದೆ ಎಳೆದಾಡುತ್ತದೆ. ಜೋರು ಮಾಡಿದರೆ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಸಾದಾ ಹಲ್ಲುಚಕ್ರಗಳಿದ್ದರೆ ತಳ್ಳಿದಾಗ ಗರ್ ಎಂದು ಮೋಟಾರೂ ತಿರುಗುತ್ತದೆ. ಆಗ ಒತ್ತಡವೆಲ್ಲ ಮೋಟಾರಿನ ತುದಿಯ ಪುಟ್ಟ ನೈಲಾನ್ ಹಲ್ಲುಚಕ್ರದ, ಅಂದರೆ ಪಿನಿಯನ್ನಿನ ಮೇಲೆ ಬೀಳುತ್ತದೆ, ಅದು ಉದ್ದಕ್ಕೆ ಸೀಳುತ್ತದೆ. ಪಿನಿಯನ್ ಸೀಳಿದ ರೈಲಿನ ಗುರುತು ಸುಲಭ: ಮೋಟಾರಿನ ಸದ್ದು ಬರುತ್ತದೆ, ಗಾಡಿ ಕದಲುವುದಿಲ್ಲ. ಒಳ್ಳೆಯ ಎಂಜಿನ್ನಿನಲ್ಲಿ ಒಂದು ಕ್ಲಚ್ ಇರುತ್ತದೆ. ಹಿಂದಕ್ಕೆ ತಳ್ಳಿದರೆ ಟಿಕ್ ಟಿಕ್ ಎಂದು ಜಾರಿ ಹಲ್ಲುಗಳನ್ನು ಕಾಯುತ್ತದೆ. ಅಂಗಡಿಯಲ್ಲೇ ಸ್ವಿಚ್ ಆಫ್ ಮಾಡಿ ಬೆರಳಿಂದ ಚಕ್ರ ತಿರುಗಿಸಿದರೆ ಇದು ಗೊತ್ತಾಗುತ್ತದೆ, ಸೆಲ್ ಕೂಡ ಬೇಕಿಲ್ಲ.

ನೋಡಿದ ನಾಲ್ಕು ರೈಲುಗಳು

ಜಾತ್ರೆಯಲ್ಲಿ ಎಲ್ಲರ ಕಣ್ಣು ಸೆಳೆದದ್ದು ಹಳಿಯಿಲ್ಲದೆ ಓಡುವ, ಬಣ್ಣದ ದೀಪ ಮಿನುಗಿಸುತ್ತ ಹಾಡು ಹೇಳುವ ಎಂಜಿನ್. ಮೂರು ಎಎ ಸೆಲ್, ಅಡಿಯಲ್ಲಿ ಸುತ್ತ ತಿರುಗುವ ಚಕ್ರ, ಗೋಡೆಗೆ ತಾಗಿದರೆ ತಾನೇ ದಿಕ್ಕು ಬದಲಿಸುತ್ತದೆ. ತಯಾರಕರ ಹೆಸರಿಲ್ಲ, ಐಎಸ್‌ಐ ಗುರುತಿಲ್ಲ. ಸೆಲ್ ಪೆಟ್ಟಿಗೆಯ ಮುಚ್ಚಳ ಉಗುರಿನಿಂದ ಒತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಅಲ್ಲಿಗೇ ಅದನ್ನು ಬಿಟ್ಟದ್ದು ಸರಿಯಾಯಿತು. ಇದಲ್ಲದೆ, ಫರಸಿಯ ಸಂದುಗಳಲ್ಲಿ ಇಂಥ ಗಾಡಿಯ ಚಿಕ್ಕ ಚಕ್ರ ಸಿಕ್ಕಿಕೊಂಡು ನಿಂತಲ್ಲೇ ಸುತ್ತುತ್ತದೆ. ಅಂಗಡಿಯವರು ನುಣ್ಣನೆ ಹಲಗೆಯ ಮೇಲೆ ಓಡಿಸಿ ತೋರಿಸುವುದರಿಂದ ಇದು ಅಲ್ಲಿ ಕಾಣುವುದಿಲ್ಲ.

ಎರಡನೆಯದು ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಅಂಗಡಿಯಲ್ಲಿ ಸಿಕ್ಕ ಹಳೆ ಉಗಿಬಂಡಿ ರೂಪದ ಸೆಟ್: ಕಪ್ಪು ಪ್ಲಾಸ್ಟಿಕ್ ಹಳಿ, ಕೊಳವೆಯಿಂದ ಹೊಗೆ. ಹೊಗೆಗಾಗಿ ಒಂದು ಚಿಕ್ಕ ಶೀಶೆಯಲ್ಲಿ ಎಣ್ಣೆಯಂಥ ದ್ರವ ಕೊಟ್ಟಿದ್ದರು. ಚಿಕ್ಕ ಮಕ್ಕಳಿರುವ ಮನೆಗೆ ಈ ಶೀಶೆ ಬರಲೇಬಾರದು. ತೆಳ್ಳನೆಯ ಖನಿಜ ಎಣ್ಣೆ ಗಂಟಲಿನಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮಾಡುತ್ತದೆ. ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಅಪಾಯ ಇನ್ನೂ ಹೆಚ್ಚು.

ಮೂರನೆಯದು ರಿಮೋಟ್ ಇರುವ ಸೆಟ್. ಎಂಜಿನ್ನಿನ ಸೆಲ್ ಪೆಟ್ಟಿಗೆಗೆ ಸ್ಕ್ರೂ ಇತ್ತು, ಗೇರೂ ಚೆನ್ನಾಗಿತ್ತು. ಆದರೆ ರಿಮೋಟಿನೊಳಗೆ ಇದ್ದದ್ದು 20 ಮಿ.ಮೀ. ಅಗಲದ 3 ವೋಲ್ಟಿನ ನಾಣ್ಯದಂಥ ಲಿಥಿಯಂ ಸೆಲ್, ಅದೂ ಜಾರುವ ತಟ್ಟೆಯಲ್ಲಿ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಕಡೆಯ ಹಸಿ ಅಂಗಾಂಶದ ಮೂಲಕ ವಿದ್ಯುತ್ ಹರಿಯುತ್ತದೆ. ಋಣ ತುದಿಯ ಬದಿಯಲ್ಲಿ ಕ್ಷಾರ ಹುಟ್ಟಿ ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಹುದು. ಟಿವಿಯ ರಿಮೋಟಿನಲ್ಲಿ ನಡೆಯದಷ್ಟು ಇಳಿದುಹೋದ ಸೆಲ್ಲಿಗೂ ಇಷ್ಟು ಶಕ್ತಿ ಇರುತ್ತದೆ. ಮಗು ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು, ಕೆಮ್ಮುವುದು ಬಿಟ್ಟು ಬೇರೆ ಲಕ್ಷಣ ಇಲ್ಲದಿರಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಕಾಯದೆ, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ನುಂಗಿ 12 ಗಂಟೆ ಮೀರಿರದಿದ್ದರೆ, ವರ್ಷ ದಾಟಿದ ಮಗುವಿಗೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ, ಅಂದರೆ 10 ಮಿ.ಲೀ. ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಜೇನು ಹುಡುಕುತ್ತ ಹೊತ್ತು ಕಳೆಯಬಾರದು, ವರ್ಷ ತುಂಬದ ಕೂಸಿಗೆ ಅದನ್ನು ಕೊಡಲೂಬಾರದು. ಈ ಮನೆಯಲ್ಲಿ ಒಂಬತ್ತು ತಿಂಗಳ ಕೂಸು ಇದ್ದದ್ದರಿಂದ ರಿಮೋಟ್ ಸೆಟ್ ಲೆಕ್ಕದಿಂದಲೇ ಹೊರಗಾಯಿತು.

ನಾಲ್ಕನೆಯದು ತೋಡು ಕೊರೆದ ಮರದ ಹಳಿಯ ಸೆಟ್. ಸ್ವೀಡನ್ನಿನ ಬ್ರಿಯೋ ಕಂಪನಿ 1958ರಲ್ಲಿ ಮಾರುಕಟ್ಟೆಗೆ ತಂದ ಮಾದರಿ ಇದು. ಈಗ ಅನೇಕ ತಯಾರಕರು ಅದೇ ಅಳತೆಯಲ್ಲಿ ಮಾಡುತ್ತಾರೆ: ಹಳಿಯ ಅಗಲ 40 ಮಿ.ಮೀ., ದಪ್ಪ 12 ಮಿ.ಮೀ., ತೋಡುಗಳ ನಡುವಿನ ಪಟ್ಟಿ ಸುಮಾರು 20 ಮಿ.ಮೀ. ಅಳತೆ ಒಂದೇ ಆದ್ದರಿಂದ ಒಬ್ಬರ ಹಳಿಯ ಮೇಲೆ ಇನ್ನೊಬ್ಬರ ಎಂಜಿನ್ ಓಡುತ್ತದೆ. ತಳ್ಳುವ ಸೆಟ್ಟನ್ನು ಮೊದಲು ಕೊಂಡು ಸೆಲ್ ಎಂಜಿನ್ನನ್ನು ಆಮೇಲೆ ಸೇರಿಸಬಹುದು. ಈ ಪ್ರಕರಣಕ್ಕೆ ಬೇಕಾಗಿದ್ದ ಗುಣ ಅದೇ.

ಗುರುತು, ಅಳತೆ, ಎಳೆತ

ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲ್ಗಡೆ ಐಎಸ್ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಸೆಲ್ ಇಲ್ಲದ ಆಟಿಕೆಗೆ ಐಎಸ್ 9873, ಸೆಲ್ ಅಥವಾ ವಿದ್ಯುತ್ತಿನಿಂದ ನಡೆಯುವ ಆಟಿಕೆಗೆ ಐಎಸ್ 15644. ಈ ವ್ಯತ್ಯಾಸವನ್ನು ಕೊಳ್ಳುವವರು ಹೆಚ್ಚಾಗಿ ಗಮನಿಸುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ನೋಡಿದ ಒಂದು ಸೆಲ್ ರೈಲಿನ ಪೆಟ್ಟಿಗೆ ಮೇಲೆ 9873 ಮಾತ್ರ ಅಚ್ಚಾಗಿತ್ತು. ಮೋಟಾರು ಇರುವ ಗಾಡಿಗೆ ಆ ಗುರುತು ಸಾಲದು. ಐಎಸ್‌ಐ ಗುರುತು ಕೊಡುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನಡೆಸುವ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಸಿಎಂ/ಎಲ್ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ಯಾವ ಐಎಸ್ ಸಂಖ್ಯೆಗೆ ಪರವಾನಗಿ, ಅದು ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತೇ ಕಾಣುತ್ತದೆ. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಚನ್ನಪಟ್ಟಣದಂಥ ಭೌಗೋಳಿಕ ಗುರುತಿನ ಆಟಿಕೆಗಳಿಗೂ ಈ ಕಡ್ಡಾಯದಿಂದ ವಿನಾಯಿತಿ ಇದೆ. ಒಂಬತ್ತು ತಿಂಗಳ ಕೂಸಿನ ಕೈಗೆ ಏನು ಕೊಡುವುದು ಎಂದು ಕೇಳಿದರೆ ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ, ಬಿಡಿ ಭಾಗಗಳಿಲ್ಲದ ಚನ್ನಪಟ್ಟಣದ ದಪ್ಪ ಗಿಲಕಿಯೇ ಉತ್ತರ. ಅವಳಿಗೆ ಇನ್ನೂ ರೈಲು ಬೇಕಿಲ್ಲ.

ಚಿಕ್ಕ ಭಾಗಗಳ ಪರೀಕ್ಷೆಗೆ ಮಾನಕದಲ್ಲಿ 31.7 ಮಿ.ಮೀ. ಒಳವ್ಯಾಸದ ಸಿಲಿಂಡರ್ ಬಳಸುತ್ತಾರೆ. ಅದರ ಆಳ ಒಂದು ಬದಿ 25.4, ಇನ್ನೊಂದು ಬದಿ 57.1 ಮಿ.ಮೀ. ಮನೆಯಲ್ಲಿ ಇದನ್ನು ಮಾಡಿಕೊಳ್ಳುವುದು ಕಷ್ಟವಲ್ಲ. ಲಗ್ನಪತ್ರಿಕೆಯಂಥ ಗಟ್ಟಿ ಕಾಗದದಲ್ಲಿ 12 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಒಂದು ತುದಿಯಿಂದ 10 ಸೆಂ.ಮೀ.ಗೆ ಗೆರೆ ಎಳೆದು, ಇನ್ನೊಂದು ತುದಿ ಆ ಗೆರೆಗೆ ಹೊರಗಿನಿಂದ ಕೂಡುವಂತೆ ಸುತ್ತಿ ಅಂಟಿಸಿ. ಒಳಸುತ್ತು 10 ಸೆಂ.ಮೀ. ಆದರೆ ವ್ಯಾಸ 32 ಮಿ.ಮೀ.ಗೆ ಬರುತ್ತದೆ. ಯಾವ ಭಾಗ ಈ ಕೊಳವೆಯೊಳಗೆ ಪೂರ್ತಿ ಇಳಿಯುತ್ತದೋ ಅದು ಮೂರರೊಳಗಿನ ಮಗುವಿಗೆ ಉಸಿರು ಕಟ್ಟಿಸಬಲ್ಲ ಭಾಗ. ಮರದ ಸೆಟ್ಟಿನಲ್ಲಿ ಹಳಿ, ಡಬ್ಬಿ, ಎಂಜಿನ್ ಯಾವುದೂ ಇಳಿಯಲಿಲ್ಲ. ಎರಡು ಮರದ ಗೊಂಬೆಗಳು ಮತ್ತು ಸಿಗ್ನಲ್ ಕಂಬದ ತಲೆ ಇಳಿದವು. ಅವು ಮೂರನ್ನೂ ಎತ್ತಿ ಅಲ್ಮಾರಿನ ಮೇಲಿನ ಖಾನೆಗೆ ಹಾಕಲಾಯಿತು.

ಡಬ್ಬಿಗಳನ್ನು ಜೋಡಿಸುವುದು ಅಯಸ್ಕಾಂತ. ಬಿಡಿ ಅಯಸ್ಕಾಂತ ಎರಡು ನುಂಗಿದರೆ ಕರುಳಿನ ಎರಡು ಸುರುಳಿಗಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಹಾಗಾಗಿ ಒಂದೊಂದನ್ನೂ ಬೆರಳಲ್ಲಿ ಗಟ್ಟಿ ಹಿಡಿದು ತಿರುಚಿ ಎಳೆದು ನೋಡಬೇಕು. ಅಂಟಿನಿಂದ ಮಾತ್ರ ಕೂರಿಸಿದ್ದರೆ ಬೇಡ. ಲೋಹದ ಬಟ್ಟಲಿನಲ್ಲಿಟ್ಟು ಮೊಳೆಯಿಂದ ಬಿಗಿದಿದ್ದರೆ, ಇಲ್ಲವೇ ಪ್ಲಾಸ್ಟಿಕ್ ಗೂಡಿನೊಳಗೆ ಮುಚ್ಚಿಟ್ಟಿದ್ದರೆ ಆಗಬಹುದು. ಪ್ರತಿ ತಿಂಗಳು ಇದೇ ಎಳೆತವನ್ನು ಮತ್ತೆ ಮಾಡಬೇಕು, ಮರಕ್ಕೆ ಬಿರುಕು ಬಂದ ಡಬ್ಬಿಯನ್ನು ಆಟದಿಂದ ತೆಗೆಯಬೇಕು.

ಕೊಂಡದ್ದು

ಒಂದೂವರೆ ವರ್ಷ ಮೇಲ್ಪಟ್ಟವರಿಗೆಂದು ಬರೆದಿದ್ದ ತಳ್ಳುವ ಮರದ ಸೆಟ್ಟನ್ನು ಜಾತ್ರೆಯ ಹೊತ್ತಿಗೇ ಆನ್‌ಲೈನಿನಲ್ಲಿ ತರಿಸಿದರು: ಎಂಟು ಬಾಗಿದ ಹಳಿ, ನಾಲ್ಕು ನೇರ ಹಳಿ, ತಳ್ಳುವ ಎಂಜಿನ್, ಮೂರು ಡಬ್ಬಿ, ಮೇಲೆ ಹೇಳಿದ ಎರಡು ಗೊಂಬೆ ಮತ್ತು ಸಿಗ್ನಲ್ ಕಂಬ. ಬಾಗಿದ ಹಳಿ ಒಂದಕ್ಕೆ 45 ಡಿಗ್ರಿ, ಎಂಟು ಸೇರಿದರೆ ಪೂರ್ತಿ ಸುತ್ತು. ಎರಡೆರಡು ನೇರ ಹಳಿಗಳನ್ನು ಎರಡು ಬದಿ ಸೇರಿಸಿದರೆ ಸುಮಾರು 45 ಸೆಂ.ಮೀ. ಅಗಲ, 75 ಸೆಂ.ಮೀ. ಉದ್ದದ ಅಂಡಾಕಾರ. ಸೆಲ್ ಎಂಜಿನ್ ಬೇರೆ, ಅದರ ಮೇಲೆ ಮೂರು ವರ್ಷ ಮೇಲ್ಪಟ್ಟವರಿಗೆ ಎಂದಿತ್ತು. ಕೊಟ್ಟದ್ದು ಮೇ ತಿಂಗಳ ಹುಟ್ಟುಹಬ್ಬಕ್ಕೆ. ಒಂದೇ ಎಎ ಸೆಲ್, ಮುಚ್ಚಳಕ್ಕೆ ಸ್ಕ್ರೂ, ಆ ಸ್ಕ್ರೂ ಪೂರ್ತಿ ಸಡಿಲಿಸಿದರೂ ಮುಚ್ಚಳದಲ್ಲೇ ಉಳಿಯುವಂಥದು. ಸಡಿಲಾದ ಸ್ಕ್ರೂ ನೆಲಕ್ಕೆ ಬಿದ್ದು ಕಳೆದುಹೋದರೆ ಮರುದಿನದಿಂದ ಮುಚ್ಚಳಕ್ಕೆ ಅಂಟುಪಟ್ಟಿ ಬರುತ್ತದೆ, ಅಂಟುಪಟ್ಟಿಯನ್ನು ಮಗು ಕಿತ್ತೇ ಕೀಳುತ್ತದೆ. ಹಾಗಾಗಿ ಈ ಚಿಕ್ಕ ವಿವರಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ಸರಿಯೇ.

ಒಂದು ಸೆಲ್ಲಿನ ಎಂಜಿನ್ನಿಗೆ ಇನ್ನೊಂದು ಲಾಭವಿದೆ. ಎರಡು ಮೂರು ಸೆಲ್ ಸಾಲಾಗಿ ಇರುವಲ್ಲಿ ಹಳೆಯದೂ ಹೊಸದೂ ಬೆರೆತರೆ, ಬೇಗ ಇಳಿದ ಸೆಲ್ಲಿನ ಮೂಲಕ ಉಳಿದವು ತಮ್ಮ ವಿದ್ಯುತ್ತನ್ನು ಉಲ್ಟಾ ತಳ್ಳುತ್ತವೆ. ಆ ಸೆಲ್ ಬಿಸಿಯಾಗಿ ಸೋರುತ್ತದೆ. ಒಂದೇ ಇದ್ದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಎಂಜಿನ್ ಸುತ್ತಿನ 185 ಸೆಂ.ಮೀ. ದಾರಿಯನ್ನು ಸುಮಾರು 12 ಸೆಕೆಂಡಿನಲ್ಲಿ ಮುಗಿಸುತ್ತದೆ. ಈ ವಯಸ್ಸಿನ ಮಗುವಿಗೆ ಇಷ್ಟು ನಿಧಾನವೇ ಸರಿ, ಕೈ ಚಾಚಿ ಹಿಡಿಯಲು ಆಗಬೇಕು. ಕೊಳ್ಳುವ ಮುನ್ನ ಅಡಿಭಾಗಕ್ಕೆ ದಾರದ ಕುಚ್ಚು ತಾಗಿಸಿ ನೋಡುವುದೂ ಒಳ್ಳೆಯದು. ಚಕ್ರದ ಅಚ್ಚು (ಆಕ್ಸಲ್) ಮುಚ್ಚಿಲ್ಲದೆ ಬರಿದಾಗಿದ್ದರೆ ದಾರ ಸುತ್ತಿಕೊಳ್ಳುತ್ತದೆ, ನೆಲಕ್ಕೆ ತಲೆಯಿಟ್ಟು ಮಲಗಿ ನೋಡುವ ಮಗುವಿನ ಕೂದಲೂ ಹಾಗೇ ಸುತ್ತಿಕೊಳ್ಳುತ್ತದೆ.

ಆಮೇಲೆ ಕೆಟ್ಟದ್ದು, ಕಾರಣ, ಪರಿಹಾರ

ಮೊದಲ ವಾರ ಎಂಜಿನ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹಳಿ ತಪ್ಪುತ್ತಿತ್ತು. ಮನೆಯವರು ಎಂಜಿನ್ನನ್ನು ಶಂಕಿಸಿದರು, ದೋಷ ನೆಲದ್ದು. ಎರಡು ಫರಸಿ ಕಲ್ಲುಗಳ ನಡುವೆ 2–3 ಮಿ.ಮೀ. ಏರುತಗ್ಗು ಇತ್ತು, ಹಳಿಯ ಕೂಡಿಕೆ ಸರಿಯಾಗಿ ಅದರ ಮೇಲೆ ಬಂದಿತ್ತು. ತೋಡಿನ ಆಳವೇ ಸುಮಾರು 3 ಮಿ.ಮೀ. ಆದ್ದರಿಂದ ಚಕ್ರ ಆಚೆ ಜಿಗಿಯಲು ಅಷ್ಟು ಸಾಕು. ಜಮಖಾನದ ಮೇಲೆ ಹಾಕಿದರೆ ಕೂಡಿಕೆಗಳು ಕೆಳಗೆ ಕುಸಿದವು. ಕೊನೆಗೆ 2 ಅಡಿಗೆ 3 ಅಡಿಯ, 12 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆ ತಂದು, ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ, ಅದರ ಮೇಲೆ ಹಳಿ ಹಾಕಿದರು. ಆಟ ಮುಗಿದ ಮೇಲೆ ಹಳಿ ಸಮೇತ ಮಂಚದಡಿಗೆ ಸರಿಸಬಹುದು. ಕೂಸು ಎಚ್ಚರವಾದ ಕೂಡಲೇ ಎಲ್ಲವನ್ನೂ ಮರೆ ಮಾಡಲು ಇದೇ ಹೆಚ್ಚು ಉಪಯೋಗಕ್ಕೆ ಬಂತು. ಫರಸಿಯಿರುವ ಮನೆಯವರು ಹಲಗೆಯ ಖರ್ಚನ್ನು ರೈಲಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕುವುದು ಒಳಿತು.

ಹೊಸ ಎಂಜಿನ್ ಬಂದ ಮೂರನೆಯ ವಾರ ಅದು ಕುಂಟತೊಡಗಿತು, ಮುಟ್ಟಿದರೆ ಬಿಸಿ. ಹೊಸ ಸೆಲ್ ಹಾಕಿದರೂ ಅಷ್ಟೇ. ಸೆಲ್ಲಿನ ತುದಿ ಮತ್ತು ಸ್ಪ್ರಿಂಗಿನ ನಡುವೆ ಕಾಗದದ ಎರಡು ಬದಿಗೆ ತಾಮ್ರದ ತಗಡು ಅಂಟಿಸಿದ ಚೂರನ್ನು ತೂರಿಸಿ, ಎರಡು ತಗಡುಗಳಿಗೆ ಮಲ್ಟಿಮೀಟರಿನ 10 ಆಂಪಿಯರ್ ಅಳತೆಯ ತಂತಿ ಮುಟ್ಟಿಸಿದರೆ ಓಡುವಾಗಿನ ವಿದ್ಯುತ್ ಗೊತ್ತಾಗುತ್ತದೆ. ಸರಿಯಿದ್ದಾಗ 250 ಮಿಲಿಆಂಪಿಯರ್ ಆಸುಪಾಸು ಇದ್ದದ್ದು ಈಗ 700 ದಾಟಿತ್ತು. ಹಿಂದಿನ ಅಚ್ಚಿಗೆ ಜಮಖಾನದ ಎಳೆ ಮತ್ತು ಉದ್ದ ಕೂದಲು ಬಿಗಿಯಾಗಿ ಸುತ್ತಿಕೊಂಡಿದ್ದವು. ಚಿಕ್ಕ ಕತ್ತರಿಯ ತುದಿಯಿಂದ ಕತ್ತರಿಸಿ ಚಿಮಟಿಗೆಯಿಂದ ಎಳೆದ ಮೇಲೆ ಮೊದಲಿನ ಅಂಕಿಗೇ ಇಳಿಯಿತು. ಮೋಟಾರು ಪೂರ್ತಿ ನಿಂತುಬಿಟ್ಟರೆ ಇನ್ನೂ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ; ಸಿಕ್ಕಿಬಿದ್ದ ಗಾಡಿಯ ಸ್ವಿಚ್ಚನ್ನು ಹಾಗೇ ಬಿಟ್ಟರೆ ಸುರುಳಿ ಸುಡುತ್ತದೆ. ಚಕ್ರದ ರಬ್ಬರ್ ಉಂಗುರಕ್ಕೆ ನಮ್ಮ ಕಡೆಯ ಬೇಸಿಗೆ ಧೂಳು ಹತ್ತಿದರೆ ಚಕ್ರ ಜಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಎಣ್ಣೆ ತಾಗಿಸಬಾರದು. ಆ ಉಂಗುರ ಸಡಿಲವಾಗಿ ಕಳಚುವಂತಿದ್ದರೆ ಅದೂ ಚಿಕ್ಕ ಭಾಗವೇ.

ಡಬ್ಬಿಗಳ ಜಗಳ ಬೇರೆ. ಅಯಸ್ಕಾಂತ ಸ್ಥಿರವಾಗಿದ್ದರೆ ಡಬ್ಬಿಯನ್ನು ತಿರುಗಿಸಿ ಇಟ್ಟಾಗ ಒಂದನ್ನೊಂದು ದೂಡುತ್ತವೆ, ಮಗು ಅಳುತ್ತದೆ. ಎಂಜಿನ್ ಕಡೆಗೆ ಬರಬೇಕಾದ ತುದಿಗೆ ಅಡಿಯಲ್ಲಿ ಪರ್ಮನೆಂಟ್ ಮಾರ್ಕರಿನಿಂದ ಕೆಂಪು ಚುಕ್ಕೆ ಇಟ್ಟುಕೊಟ್ಟರು. ಎರಡೇ ದಿನದಲ್ಲಿ ಹುಡುಗ ತಾನೇ ತಿರುಗಿಸಿ ಇಡಲು ಕಲಿತ. ಮುಂದೆ ಡಬ್ಬಿ ಕೊಳ್ಳುವವರು ಗೂಡಿನೊಳಗೆ ಅಯಸ್ಕಾಂತ ತಿರುಗುವ ಬಗೆಯದನ್ನು ಕೇಳಿ ಕೊಳ್ಳಲಿ. ಮೂರು ಡಬ್ಬಿಗಿಂತ ಹೆಚ್ಚು ಎಳೆಸಿದರೆ ಬಾಗಿದ ಹಳಿಯಲ್ಲಿ ಘರ್ಷಣೆ ಹೆಚ್ಚಿ ಗಾಡಿ ನಿಲ್ಲುತ್ತದೆ.

ಸೆಲ್ಲಿನ ಲೆಕ್ಕ

ಕಿರಾಣಿ ಅಂಗಡಿಯ ಅಗ್ಗದ ಸಾದಾ ಜಿಂಕ್ ಕಾರ್ಬನ್ ಸೆಲ್ ಗೋಡೆ ಗಡಿಯಾರಕ್ಕೆ ಸರಿ, ಮೋಟಾರಿಗಲ್ಲ. 250 ಮಿಲಿಆಂಪಿಯರ್ ಎಳೆತದಲ್ಲಿ ಒಂದೂವರೆಯಿಂದ ಎರಡು ಗಂಟೆ ನಡೆಯುತ್ತದೆ. ಅದೇ ಅಳತೆಯ ಆಲ್ಕಲೈನ್ ಸೆಲ್ ಆರರಿಂದ ಎಂಟು ಗಂಟೆ, 2000 ಮಿಲಿಆಂಪಿಯರ್-ಗಂಟೆಯ ಚಾರ್ಜ್ ಆಗುವ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ ಸುಮಾರು ಏಳೂವರೆ ಗಂಟೆ. ದಿನಕ್ಕೆ ಅರ್ಧ ಗಂಟೆ ಆಟ ಎಂದರೆ ತಿಂಗಳಿಗೆ 15 ಗಂಟೆ: ಸಾದಾ ಸೆಲ್ ಎಂಟು ಹತ್ತು ಬೇಕು, ಆಲ್ಕಲೈನ್ ಎರಡು ಮೂರು, ಚಾರ್ಜ್ ಆಗುವುದಾದರೆ ಎರಡು ಮೂರು ಸಲ ಚಾರ್ಜ್. ಚಾರ್ಜ್ ಸೆಲ್ 1.2 ವೋಲ್ಟಿನದು, ಗಾಡಿ ಸ್ವಲ್ಪ ನಿಧಾನವಾಗುತ್ತದೆ; ಇಲ್ಲಿ ಅದು ಅನುಕೂಲವೇ. ಚಾರ್ಜರು ದೊಡ್ಡವರ ಕೋಣೆಯಲ್ಲಿ ಇರಲಿ.

ಮೇ ಕೊನೆಯಲ್ಲಿ ಈ ಮನೆಯವರು ಯಾದಗಿರಿಯ ನೆಂಟರಲ್ಲಿಗೆ ಹತ್ತು ದಿನ ಹೋಗಿದ್ದಾಗ ಇಳಿದುಹೋದ ಸಾದಾ ಸೆಲ್ ಎಂಜಿನ್ನಿನಲ್ಲೇ ಉಳಿದಿತ್ತು, ಎಂಜಿನ್ ಪಶ್ಚಿಮದ ಕಿಟಕಿಯ ಕಟ್ಟೆಯ ಮೇಲೆ. ಸಾದಾ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಋಣ ತುದಿ. ಬಳಸಿದಂತೆ ಅದು ತೆಳುವಾಗಿ ತೂತು ಬೀಳುತ್ತದೆ, ಇಲ್ಲಿಯ ಝಳ ಅದನ್ನು ಬೇಗ ಮಾಡುತ್ತದೆ. ಬಂದು ನೋಡಿದಾಗ ಕಂದು ರಾಡಿ. ಸ್ವಚ್ಛ ಮಾಡಿದ ಕ್ರಮ ಹೀಗೆ: ಕೈಗವಸು ಹಾಕಿ ಸೆಲ್ ತೆಗೆದು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬರೀ ನೀರಿನ ಹತ್ತಿಯಿಂದ ಮತ್ತೆ ಒರೆಸಿ, ಒಂದು ದಿನ ಒಣಗಿಸಿ, ಸ್ಪ್ರಿಂಗನ್ನು ಸಣ್ಣ ಮರಳುಕಾಗದದಿಂದ ಹೊಳೆಯುವಷ್ಟು ಉಜ್ಜುವುದು. ಆಲ್ಕಲೈನ್ ಸೆಲ್ ಸೋರಿದರೆ ಬಿಳಿ ಪುಡಿ ಕಟ್ಟುತ್ತದೆ. ಅದು ಕ್ಷಾರ, ಸೋಡಾ ಉಪಯೋಗವಿಲ್ಲ. ವಿನೆಗರ್ ಅಥವಾ ನಿಂಬೆರಸದಿಂದ ಒರೆಸಬೇಕು. ವಾರಕ್ಕಿಂತ ಹೆಚ್ಚು ಆಡುವುದಿಲ್ಲ ಎಂದಾದರೆ ಸೆಲ್ ತೆಗೆದು ಇಡಬೇಕು. ತೆಗೆದ ಸೆಲ್ ಮುಚ್ಚಳವಿರುವ ಡಬ್ಬಿಯಲ್ಲಿ, ಮಕ್ಕಳಿಗೆ ಎಟುಕದ ಎತ್ತರದಲ್ಲಿ ಇರಬೇಕು.